ಪಾದರಸದ ಹಳದಿ ಹರಳು: ಆಚಾರ್ಯ ಪ್ರಫುಲ್ಲಚಂದ್ರ ರೇ

ಟಿ. ನಗರದ ಪಾನಗಲ್ ಪಾರ್ಕಿನ ಸುತ್ತಮುತ್ತಲ ಬೀದಿಗಳಲ್ಲಿ ಸಂಜೆಯ ಹೊತ್ತು ನಡೆದು ಹೋದರೆ, ಒಡವೆ ಅಂಗಡಿಗಳ ದೀಪಗಳ ನಡುವೆ ಮಹಡಿಯ ಮೇಲೊಂದು ಪಾಠದ ಮನೆ ಕಣ್ಣಿಗೆ ಬೀಳದೆ ಇರದು. ಒಂಬತ್ತು, ಹತ್ತನೆಯ ತರಗತಿಯ ಮಕ್ಕಳು ಅಲ್ಲಿ ಲವಣಗಳ ಹೆಸರನ್ನೂ ಸೂತ್ರವನ್ನೂ ಬಾಯಿಪಾಠ ಮಾಡುತ್ತಿರುತ್ತಾರೆ. ಕನ್ನಡ ಅಕ್ಷರ ಬಲ್ಲ ಮನೆಯ ಮಕ್ಕಳಿಗೆ ಈ ಪಾಠದ ತೊಡಕನ್ನು ಒಂದೇ ಮಾತಿನಲ್ಲಿ ವಿವರಿಸಬಹುದು. ‘ಟ್ರ’ಕಾರಕ್ಕೆ ಏತ್ವ ಕೊಟ್ಟರೆ ನೈಟ್ರೇಟ್, ಐತ್ವ ಕೊಟ್ಟರೆ ನೈಟ್ರೈಟ್. ಮೊದಲನೆಯದರಲ್ಲಿ ಒಂದು ಸಾರಜನಕದ ಪರಮಾಣುವಿಗೆ ಮೂರು ಆಮ್ಲಜನಕ, ಎರಡನೆಯದರಲ್ಲಿ ಎರಡೇ. ಒಂದು ಗುಣಿತಾಕ್ಷರ ತಪ್ಪಿದರೆ ವಸ್ತುವೇ ಬೇರೆಯಾಗುತ್ತದೆ.

ಆ ಐತ್ವದ ಮೇಲೆಯೇ ತಮ್ಮ ವಿಜ್ಞಾನ ಜೀವನವನ್ನು ಕಟ್ಟಿದ ಮಹನೀಯರು ಆಚಾರ್ಯ ಪ್ರಫುಲ್ಲಚಂದ್ರ ರೇ. ಭಾರತದಲ್ಲಿ ಆಧುನಿಕ ರಸಾಯನ ಸಂಶೋಧನೆಗೆ ಅಡಿಪಾಯ ಹಾಕಿದವರು, ಬೆಂಗಾಲ್ ಕೆಮಿಕಲ್ಸ್ ಸಂಸ್ಥೆಯನ್ನು ಕಟ್ಟಿದವರು ಎಂದು ನಾವೆಲ್ಲ ಅವರ ಹೆಸರು ಕೇಳಿದ್ದೇವೆ. ಅವರು ನಿಜವಾಗಿ ಕಂಡುಹಿಡಿದದ್ದೇನು ಎಂದರೆ ಮಾತ್ರ ನಮ್ಮಲ್ಲಿ ಹಲವರು ಸುಮ್ಮನಾಗುತ್ತಾರೆ.

1861ರ ಆಗಸ್ಟ್ 2ರಂದು ಅವಿಭಜಿತ ಬಂಗಾಳದ ಜೆಸ್ಸೂರು ಜಿಲ್ಲೆಯ ರಾರುಲಿ ಎಂಬ ಹಳ್ಳಿಯಲ್ಲಿ ಅವರ ಜನನವಾಯಿತು. ಆ ಊರು ಈಗ ಬಾಂಗ್ಲಾದೇಶದ ಖುಲ್ನಾ ಜಿಲ್ಲೆಗೆ ಸೇರಿದೆ. ತಂದೆ ಹರೀಶಚಂದ್ರರು ಜಮೀನುದಾರರು. ಆದರೆ ಜಮೀನಿಗಿಂತ ಪುಸ್ತಕಗಳ ಮೇಲೆ ಪ್ರೀತಿಯುಳ್ಳವರು. ತಾಯಿ ಭುವನಮೋಹಿನಿ ದೇವಿ. ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಕುಟುಂಬವು 1870ರಲ್ಲಿ ಕಲ್ಕತ್ತೆಗೆ ಬಂದಿತು. ಹೇರ್ ಶಾಲೆಯಲ್ಲಿ ಓದುತ್ತಿದ್ದಾಗ ಬಾಲಕನಿಗೆ ತೀವ್ರವಾದ ಆಮಶಂಕೆ ಹಿಡಿದು ಶಾಲೆಯನ್ನೇ ಬಿಡಬೇಕಾಯಿತು. ಆ ರೋಗ ಕೊಟ್ಟ ದುರ್ಬಲ ಜೀರ್ಣಶಕ್ತಿ ಬದುಕಿನುದ್ದಕ್ಕೂ ಅವರನ್ನು ಕಾಡಿತು. ಮನೆಯಲ್ಲಿ ಕಳೆದ ಆ ದಿನಗಳನ್ನು ಹುಡುಗ ತಂದೆಯ ಪುಸ್ತಕ ಭಂಡಾರಕ್ಕೆ ಒಪ್ಪಿಸಿಕೊಂಡ. ಇತಿಹಾಸ, ಸಾಹಿತ್ಯ, ಮಹನೀಯರ ಚರಿತ್ರೆಗಳು, ಜೊತೆಗೆ ಅಷ್ಟಿಷ್ಟು ಲ್ಯಾಟಿನ್ ಆತನಿಗೆ ದಕ್ಕಿದವು. ಮುಂದೆ ಈಶ್ವರಚಂದ್ರ ವಿದ್ಯಾಸಾಗರರ ಮೆಟ್ರೊಪಾಲಿಟನ್ ಕಾಲೇಜಿಗೆ ಸೇರಿದಾಗ, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಲೆಕ್ಸಾಂಡರ್ ಪೆಡ್ಲರ್ ನಡೆಸುತ್ತಿದ್ದ ರಸಾಯನ ಪಾಠಗಳಿಗೆ ಹೊರಗಿನ ವಿದ್ಯಾರ್ಥಿಯಾಗಿ ಹೋಗಿ ಕುಳಿತರು. ಸಾಹಿತ್ಯದ ಒಲವಿನ ಯುವಕ ಅಲ್ಲಿಂದ ರಸಾಯನದ ಕಡೆಗೆ ತಿರುಗಿದರು.

1882ರಲ್ಲಿ ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನ ಗೆದ್ದು ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ತೆರಳಿದರು. ಅಲ್ಲಿ ಅವರ ಗುರು ಅಲೆಕ್ಸಾಂಡರ್ ಕ್ರಮ್ ಬ್ರೌನ್. ಸೂತ್ರ ಬರೆಯುವ ಕಲೆಯಲ್ಲಿ ಈ ಗುರುವಿನ ಸ್ಥಾನ ದೊಡ್ಡದು. ಪರಮಾಣುವಿಗೊಂದು ವೃತ್ತ, ಬಂಧಕ್ಕೊಂದು ಗೆರೆ ಹಾಕಿ ಅಣುವಿನ ಚಿತ್ರ ಬರೆಯುವ ಪದ್ಧತಿಯನ್ನು ಅವರು 1860ರ ದಶಕದಲ್ಲಿಯೇ ಬಳಕೆಗೆ ತಂದಿದ್ದರು. ರೇ ಅವರು ಅಲ್ಲಿದ್ದ ಕಾಲದಲ್ಲಿಯೇ, 1883ರಲ್ಲಿ, ಹೆಣಿಗೆಯ ಕಡ್ಡಿಗಳನ್ನೂ ಉಣ್ಣೆಯ ಉಂಡೆಗಳನ್ನೂ ಜೋಡಿಸಿ ಅಡುಗೆ ಉಪ್ಪಿನ ಹರಳಿನ ಮಾದರಿಯೊಂದನ್ನು ಮಾಡಿದರು. ಉಪ್ಪಿನ ಹರಳಿನ ನಿಜವಾದ ರಚನೆಯನ್ನು ಬ್ರಾಗ್ ತಂದೆ ಮಗ ಕ್ಷ-ಕಿರಣಗಳಿಂದ ಕಂಡದ್ದು ಇದಾದ ಮೂವತ್ತು ವರ್ಷಗಳ ಮೇಲೆ! ಅದೇ ವರ್ಷಗಳಲ್ಲಿ ಸ್ವೀಡನ್ನಿನ ಅರ‍್ಹೇನಿಯಸ್, ಲವಣವು ನೀರಿನಲ್ಲಿ ಕರಗಿದಾಗ ವಿದ್ಯುದಂಶವುಳ್ಳ ಕಣಗಳಾಗಿ, ಅಂದರೆ ಅಯಾನುಗಳಾಗಿ, ಬೇರೆಯಾಗುತ್ತದೆ ಎಂದು ಸಾರುತ್ತಿದ್ದರು. ಹಿರಿಯರನೇಕರು ಅದನ್ನು ನಂಬಲಿಲ್ಲ. ಲವಣ ಎಂದರೇನು ಎಂಬ ಪ್ರಶ್ನೆಯೇ ಹೊಸದಾಗಿ ಎದ್ದು ನಿಂತಿದ್ದ ಕಾಲದಲ್ಲಿ ಬಂಗಾಳದ ಯುವಕ ಲವಣಗಳನ್ನು ತನ್ನ ವಿಷಯವಾಗಿ ಆರಿಸಿಕೊಂಡರು.

1887ರಲ್ಲಿ ಅವರಿಗೆ ಡಿ.ಎಸ್‌ಸಿ. ಪದವಿ ತಂದ ಪ್ರಬಂಧವು ತಾಮ್ರ, ಮೆಗ್ನೀಸಿಯಮ್ ವರ್ಗದ ಜೋಡಿ ಸಲ್ಫೇಟುಗಳನ್ನು ಕುರಿತದ್ದು. ಜೋಡಿ ಲವಣ ಎಂದರೆ ಗಾಬರಿಪಡಬೇಕಾಗಿಲ್ಲ. ಕ್ಷೌರದ ಬಳಿಕ ಕೆನ್ನೆಗೆ ಉಜ್ಜುವ ಪಟಿಕವು ಅದರ ಹತ್ತಿರದ ಬಂಧು. ಚೆನ್ನೈಯಲ್ಲಿ ಇದನ್ನೇ ಪಡಿಕಾರಂ ಎಂದು ಕೇಳಿ ಕೊಳ್ಳುತ್ತೇವೆ. ಇದರಲ್ಲಿ ಒಂದು ಪೊಟ್ಯಾಸಿಯಮ್, ಒಂದು ಅಲ್ಯೂಮಿನಿಯಮ್, ಎರಡು ಸಲ್ಫೇಟ್, ಹನ್ನೆರಡು ನೀರು. ಲೆಕ್ಕ ನೋಡಿ: ಪೊಟ್ಯಾಸಿಯಮ್ಮಿನ ಧನಾಂಶ ಒಂದು, ಅಲ್ಯೂಮಿನಿಯಮ್ಮಿನದು ಮೂರು, ಸೇರಿ ನಾಲ್ಕು. ಸಲ್ಫೇಟಿನ ಋಣಾಂಶ ಎರಡು, ಎರಡು ಸಲ್ಫೇಟಿಗೆ ನಾಲ್ಕು. ಜಮೆ ಖರ್ಚು ಸರಿಹೋಯಿತು. ಮಕ್ಕಳ ಪಾಠದಲ್ಲಿ ಬರುವ ಸಂಯೋಗ ಸಾಮರ್ಥ್ಯವನ್ನು ಅಡ್ಡಡ್ಡ ಬದಲಿಸಿ ಬರೆಯುವ ಕ್ರಮವು ಈ ಜಮೆ ಖರ್ಚಿನ ಚುಟುಕು ಉಪಾಯವಷ್ಟೆ. ರೇ ಅವರ ಕಾಲದಲ್ಲಿದ್ದ ಪ್ರಶ್ನೆಯೆಂದರೆ, ಇಂಥ ಹರಳಿನಲ್ಲಿ ಎರಡು ಲವಣಗಳು ಬರಿದೆ ಬೆರೆತಿವೆಯೋ, ಇಲ್ಲವೆ ನಿಶ್ಚಿತ ಪ್ರಮಾಣದಲ್ಲಿ ಸೇರಿ ಹೊಸ ಸಂಯುಕ್ತವಾಗಿವೆಯೋ ಎಂಬುದು. ಬೆರಕೆಗೆ ಸೂತ್ರವಿಲ್ಲ, ಸಂಯುಕ್ತಕ್ಕೆ ಉಂಟು.

ಇಲ್ಲಿ ಹೆಸರುಗಳ ವಿಚಾರವನ್ನು ಸ್ವಲ್ಪ ಹೇಳಬೇಕು. ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ಲವಣಗಳಿಗೆ ಸೊಗಸಾದ ಹೆಸರುಗಳಿವೆ. ನವಿಲ ಕೊರಳಿನ ಬಣ್ಣದ್ದು ಮೈಲುತುತ್ತ. ಅದು ತಾಮ್ರದ ಸಲ್ಫೇಟ್. ಹಸುರು ಹರಳಿನ ಅನ್ನಭೇದಿ ಕಬ್ಬಿಣದ ಸಲ್ಫೇಟ್. ಕಲಾಯಿಯವರ ನವಸಾಗರ ಅಮೋನಿಯಮ್ ಕ್ಲೋರೈಡ್. ಮದ್ದಿನ ಪುಡಿಗೆ ಬೇಕಾದ ಪೆಟ್ಲುಪ್ಪು ಪೊಟ್ಯಾಸಿಯಮ್ ನೈಟ್ರೇಟ್. ಈ ಹೆಸರುಗಳು ಬಣ್ಣ ಹೇಳುತ್ತವೆ, ಬಳಕೆ ಹೇಳುತ್ತವೆ. ಮೈಲುತುತ್ತವೂ ಅನ್ನಭೇದಿಯೂ ಒಂದೇ ಸಲ್ಫೇಟ್ ಕುಲದವು ಎಂಬ ಗುಟ್ಟನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಯೂರೋಪಿನಲ್ಲಿಯೂ ಬಹುಕಾಲ ಹೀಗೆಯೇ ಇತ್ತು. 1787ರಲ್ಲಿ ಪ್ಯಾರಿಸ್ಸಿನ ಗಿಟನ್ ದ ಮೊರ್ವೊ, ಲವಾಸಿಯೇ, ಬರ್ತೊಲೆ, ಫೂರ್‌ಕ್ರ್ವಾ ಎಂಬ ನಾಲ್ವರು ಸೇರಿ, ಹೆಸರು ಕೇಳಿದೊಡನೆ ಒಳಗೆ ಏನಿದೆ ಎಂದು ತಿಳಿಯುವಂಥ ಪದ್ಧತಿಯನ್ನು ರೂಪಿಸಿದರು. ಆಮ್ಲಜನಕ ಹೆಚ್ಚಿದ್ದರೆ ‘ಏಟ್’, ಕಡಮೆಯಿದ್ದರೆ ‘ಐಟ್’ ಎಂಬ ಕೊನೆಗಳು ಅವರ ಕೊಡುಗೆ. ಧಾತುವಿಗೆ ಒಂದೆರಡು ಅಕ್ಷರದ ಚಿಹ್ನೆಯಿಟ್ಟು ಪಕ್ಕದಲ್ಲಿ ಅಂಕಿ ಬರೆಯುವ ಕ್ರಮವನ್ನು ಸ್ವೀಡನ್ನಿನ ಬರ್ಜೀಲಿಯಸ್ 1813–14ರಲ್ಲಿ ತಂದರು. ಪಾದರಸದ ಚಿಹ್ನೆಯಾದ ಎಚ್‌ಜಿ, ‘ನೀರಿನಂಥ ಬೆಳ್ಳಿ’ ಎಂಬ ಅರ್ಥದ ಹೈಡ್ರಾರ್ಜಿರಮ್ ಎಂಬ ಹಳೆಯ ಹೆಸರಿನ ಸಂಕ್ಷೇಪ.

ಪಾದರಸದ ವಿಷಯದಲ್ಲಿ ಹೆಸರಿನ ಗೊಂದಲವು ಪ್ರಾಣಕ್ಕೇ ಸಂಚಕಾರ ತರಬಲ್ಲದು. ಪಾದರಸವು ಕ್ಲೋರಿನ್ನಿನೊಡನೆ ಎರಡು ಬಗೆಯಲ್ಲಿ ಕೂಡುತ್ತದೆ. ಮರ್ಕ್ಯುರಸ್ ಕ್ಲೋರೈಡನ್ನು ವೈದ್ಯರು ಒಂದು ಕಾಲದಲ್ಲಿ ಭೇದಿಯ ಔಷಧವಾಗಿ ಧಾರಾಳವಾಗಿ ಕೊಡುತ್ತಿದ್ದರು. ಮರ್ಕ್ಯುರಿಕ್ ಕ್ಲೋರೈಡ್ ಘೋರ ವಿಷ. ನಮ್ಮ ಹಳೆಯ ವೈದ್ಯದಲ್ಲಿ ರಸಕರ್ಪೂರ ಎಂಬ ಒಂದೇ ಹೆಸರಿನ ಕೆಳಗೆ, ತಯಾರಿಸುವ ಕ್ರಮ ಬದಲಾದಂತೆ, ಇದೂ ಬರಬಹುದಿತ್ತು ಅದೂ ಬರಬಹುದಿತ್ತು. ‘ಅಸ್’ ಮತ್ತು ‘ಇಕ್’ ಎಂಬ ಎರಡು ಪುಟ್ಟ ಕೊನೆಗಳ ನಡುವಿನ ಅಂತರವು ಮದ್ದಿಗೂ ಮೃತ್ಯುವಿಗೂ ಇರುವಷ್ಟು!

1888ರಲ್ಲಿ ರೇ ಅವರು ಸ್ವದೇಶಕ್ಕೆ ಮರಳಿದರು. ಎಡಿನ್‌ಬರೋದ ಡಾಕ್ಟರೇಟ್ ಇದ್ದರೂ ಸುಮಾರು ಒಂದು ವರ್ಷ ಕೆಲಸವಿಲ್ಲದೆ ಮಿತ್ರ ಜಗದೀಶಚಂದ್ರ ಬೋಸರ ಆಶ್ರಯದಲ್ಲಿ ಇರಬೇಕಾಯಿತು. 1889ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಿಕ್ಕಿದ್ದು ತಿಂಗಳಿಗೆ 250 ರೂಪಾಯಿಯ ತಾತ್ಕಾಲಿಕ ಹುದ್ದೆ. ಅದೇ ಯೋಗ್ಯತೆಯ ಆಂಗ್ಲರಿಗೆ ಮೇಲಿನ ಶ್ರೇಣಿ, ಭಾರತೀಯರಿಗೆ ಪ್ರಾಂತೀಯ ಶ್ರೇಣಿ ಎಂಬುದು ಅಂದಿನ ಸರ್ಕಾರದ ಧರ್ಮವಾಗಿತ್ತು. ಮೊರೆಯಿಟ್ಟರೂ ಫಲ ದೊರೆಯಲಿಲ್ಲ.

ಆ ಸಂಬಳದಲ್ಲಿಯೇ ಉಳಿಸಿ, 1892ರ ಸುಮಾರಿಗೆ ಸುಮಾರು 700 ರೂಪಾಯಿಯ ಬಂಡವಾಳದಿಂದ, ಅಪ್ಪರ್ ಸರ್ಕ್ಯುಲರ್ ರಸ್ತೆಯ ತಮ್ಮ ಬಾಡಿಗೆ ಮನೆಯಲ್ಲಿ ಔಷಧ ತಯಾರಿಕೆಗೆ ಇಳಿದರು. ಎಲುಬಿನಿಂದ ಕ್ಯಾಲ್ಸಿಯಮ್ ಫಾಸ್ಫೇಟ್ ತೆಗೆಯಬೇಕೆಂದು ಕಸಾಯಿಗಳಿಂದ ಮೂಟೆಗಟ್ಟಲೆ ಮೂಳೆ ತರಿಸಿ ಮಾಳಿಗೆಯ ಮೇಲೆ ಒಣಗಲು ಹರಡಿದರು. ಆ ಹೊತ್ತಿಗೆ ಮಳೆ ಹಿಡಿಯಿತು. ಮೂಳೆಗೆ ಅಂಟಿದ್ದ ಮಾಂಸ ಕೊಳೆತು ನಾರಿತು. ಕಾಗೆಗಳು ಅದನ್ನು ಕಚ್ಚಿಕೊಂಡು ಹೋಗಿ ನೆರೆಯ ಮಡಿವಂತರ ಮಾಳಿಗೆಗಳ ಮೇಲೆ ಬೀಳಿಸಿದವು. ಕೇರಿಯೇ ತಿರುಗಿ ಬಿದ್ದಿತು. ಮೂಟೆಗಳನ್ನು ಊರ ಹೊರಗೆ ಸಾಗಿಸಿ ಸುಡುವಾಗ ಪೊಲೀಸರಿಗೆ ಕೊಲೆಯ ಶಂಕೆ ಬಂದದ್ದೂ ಉಂಟು. ಈ ಪ್ರಸಂಗವನ್ನು ಆಚಾರ್ಯರು ತಮ್ಮ ಆತ್ಮಚರಿತ್ರೆಯಲ್ಲಿ ನಗುನಗುತ್ತಲೇ ನೆನೆದಿದ್ದಾರೆ. ಆ ಮನೆಯ ಉದ್ಯಮವೇ 1901ರಲ್ಲಿ ಬೆಂಗಾಲ್ ಕೆಮಿಕಲ್ ಎಂಬ ಲಿಮಿಟೆಡ್ ಕಂಪನಿಯಾಯಿತು.

ಕಾಲೇಜಿಗೆ ಹೊಸ ರಸಾಯನಶಾಲೆ ದೊರೆತದ್ದು 1894ರಲ್ಲಿ. ಅಲ್ಲಿಂದ ಒಂದೆರಡು ವರ್ಷದೊಳಗೆ ಆ ಸಂಗತಿ ನಡೆಯಿತು. ರೇ ಅವರಿಗೆ ಮರ್ಕ್ಯುರಸ್ ನೈಟ್ರೇಟ್ ಹೆಚ್ಚು ಪ್ರಮಾಣದಲ್ಲಿ ಬೇಕಾಗಿತ್ತು. ತಣ್ಣಗಿನ ದುರ್ಬಲ ನೈಟ್ರಿಕ್ ಆಮ್ಲವನ್ನು ಪಾದರಸದ ಮೇಲೆ ಸುರಿದು ಬಿಟ್ಟಿದ್ದರು. ನೋಡುತ್ತಾರೆ, ತಳದಲ್ಲಿ ಹಳದಿ ಹರಳುಗಳು! ಬಹುಮಂದಿ ಇದನ್ನು ಪ್ರತ್ಯಾಮ್ಲೀಯ ಲವಣವೆಂದು ಬದಿಗೆ ಸರಿಸುತ್ತಿದ್ದರೋ ಏನೋ. ಮೊದಲ ನೋಟಕ್ಕೆ ರೇ ಅವರಿಗೂ ಹಾಗೆಯೇ ತೋರಿತು. ಕೂಡಲೆ ಮತ್ತೊಂದು ಯೋಚನೆ ಬಂದಿತು: ಇಷ್ಟು ಆಮ್ಲವಿರುವ ದ್ರಾವಣದಲ್ಲಿ ಪ್ರತ್ಯಾಮ್ಲೀಯ ಲವಣ ಹುಟ್ಟುವುದು ಹೇಗೆ? ಪರೀಕ್ಷಿಸಿದಾಗ ಧನ ಭಾಗವು ಮರ್ಕ್ಯುರಸ್ ಎಂದೂ ಋಣ ಭಾಗವು ನೈಟ್ರೈಟ್ ಎಂದೂ ತಿಳಿಯಿತು. ಎರಡೂ ಸುಲಭವಾಗಿ ಒಡೆದುಹೋಗುವ ಸ್ವಭಾವದವು. ಅವೆರಡು ಕೂಡಿ ಹರಳುಗಟ್ಟಿ ನಿಲ್ಲುತ್ತವೆಂದು ಯಾರೂ ನಿರೀಕ್ಷಿಸಿರಲಿಲ್ಲ. 1896ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಬಂಧ ಅಚ್ಚಾಯಿತು. ಲಂಡನ್ನಿನ ‘ನೇಚರ್’ ಪತ್ರಿಕೆ ಅದೇ ವರ್ಷದ ಮೇ ತಿಂಗಳಲ್ಲಿ ಅದನ್ನು ಗುರುತಿಸಿತು. ಅಂದು ನಮ್ಮ ಟಿ. ನಗರವೇ ಇರಲಿಲ್ಲ. ಈ ಬೀದಿಗಳ ಜಾಗದಲ್ಲಿ ಲಾಂಗ್ ಟ್ಯಾಂಕ್ ಎಂಬ ಉದ್ದನೆಯ ಕೆರೆಯ ನೀರು ನಿಂತಿತ್ತು.

ಈ ಲವಣದ ಸೂತ್ರ ಬರೆಯುವುದೇ ಒಂದು ಪಾಠ. ಮರ್ಕ್ಯುರಸ್ ಸ್ಥಿತಿಯಲ್ಲಿ ಪಾದರಸದ ಪ್ರತಿಯೊಂದು ಪರಮಾಣುವಿನ ಧನಾಂಶ ಒಂದು, ನೈಟ್ರೈಟಿನ ಋಣಾಂಶವೂ ಒಂದು. ಆದುದರಿಂದ ಒಂದಕ್ಕೊಂದು ಎಂದು ಬರೆದರೆ ಸಾಕಲ್ಲವೇ ಎನ್ನಿಸುತ್ತದೆ. ಅಯಾನಿಕ ಸಂಯುಕ್ತಗಳ ಸೂತ್ರವನ್ನು ಅತಿ ಸಣ್ಣ ಅನುಪಾತಕ್ಕೆ ಇಳಿಸಿ ಬರೆಯಬೇಕೆಂದು ನಿಯಮವೂ ಇದೆ. ಆದರೆ ಮರ್ಕ್ಯುರಸ್ ಅಯಾನು ಒಂಟಿಯಾಗಿ ಇರುವುದಿಲ್ಲ. ಎರಡು ಪಾದರಸದ ಪರಮಾಣುಗಳು ಪರಸ್ಪರ ಕೈಹಿಡಿದು, ಎರಡೂ ಸೇರಿ ಎರಡು ಧನಾಂಶ ಹೊತ್ತು ಒಂದೇ ಅಯಾನಾಗಿ ನಡೆದುಕೊಳ್ಳುತ್ತವೆ. ಬೇರೆ ಲೋಹಗಳಲ್ಲಿ ಇಂಥ ದಾಂಪತ್ಯ ಬಲು ಅಪರೂಪ. ಹಾಗಾಗಿ ಸರಿಯಾದ ಸೂತ್ರದಲ್ಲಿ ಪಾದರಸ ಎರಡು, ನೈಟ್ರೈಟ್ ಎರಡು. ಅದನ್ನು ಎರಡರಿಂದ ಭಾಗಿಸುವಂತಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಂದೋ ಎರಡೋ ಎಂಬುದು ವಾದದ ವಿಷಯವಾಗಿತ್ತು. ರೇ ಅವರ ಹರಳಿನ ಒಳರಚನೆಯನ್ನು ಕ್ಷ-ಕಿರಣಗಳಿಂದ ಬಿಡಿಸಿ ನೋಡಿದ್ದು 1980ರ ದಶಕದಲ್ಲಿ; ಅಲ್ಲಿಯೂ ಕಂಡದ್ದು ಅದೇ ಜೋಡಿ. ಇಂದಿನ ಪದ್ಧತಿಯಂತೆ ಅದರ ಹೆಸರು ಮರ್ಕ್ಯುರಿ ಒಂದು ನೈಟ್ರೈಟ್. ‘ಒಂದು’ ಎಂಬುದನ್ನು ಕಂಸದಲ್ಲಿ ರೋಮನ್ ಅಂಕಿಯಾಗಿ ಬರೆಯುತ್ತಾರೆ. ಜರ್ಮನಿಯ ಆಲ್ಫ್ರೆಡ್ ಸ್ಟಾಕ್ 1919ರಲ್ಲಿ ಸೂಚಿಸಿದ ಕ್ರಮವಿದು. ಅಂಕಿಯು ಪರಮಾಣುವಿನ ಸ್ಥಿತಿಯನ್ನು ಹೇಳುತ್ತದೆ, ಎಣಿಕೆಯನ್ನಲ್ಲ. ಮಕ್ಕಳು ಎಡವುವುದು ಇಲ್ಲಿಯೇ.

ಒಂದು ಹರಳಿನಿಂದ ರೇ ಅವರಿಗೆ ಜೀವಮಾನದ ದಾರಿ ತೆರೆಯಿತು. ನೈಟ್ರೈಟುಗಳ ಒಂದು ಇಡೀ ಕುಲವನ್ನು ಅವರೂ ಅವರ ಶಿಷ್ಯರೂ ಬೆಳಕಿಗೆ ತಂದರು. ಅಮೋನಿಯಮ್ ನೈಟ್ರೈಟ್ ಬಿಸಿ ತಾಗಿದರೆ ಸಾರಜನಕವೂ ನೀರೂ ಆಗಿ ಒಡೆದುಹೋಗುವ ವಸ್ತು ಎಂದು ಎಲ್ಲ ಪುಸ್ತಕಗಳಲ್ಲಿ ಬರೆದಿತ್ತು. ಅದನ್ನು ನಿರ್ವಾತದಲ್ಲಿ ಮೆಲ್ಲನೆ ಕಾಯಿಸಿದರೆ ಒಡೆಯದೆ ಆವಿಯಾಗಿ ಮತ್ತೆ ಘನವಾಗುತ್ತದೆಂದು ತೋರಿಸಿ, ಆವಿಯ ಸಾಂದ್ರತೆಯನ್ನೂ ಅಳೆದು, 1912ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯ ಮುಂದೆ ಇಟ್ಟರು. ವಿಲಿಯಂ ರಾಮ್ಸೆಯವರಂಥ ಹಿರಿಯರು ಅವರನ್ನು ಅಭಿನಂದಿಸಿದರು.

ಈ ಮಧ್ಯೆ ಮತ್ತೊಂದು ಮಹಾಕಾರ್ಯವೂ ನಡೆದಿತ್ತು. ಫ್ರಾನ್ಸಿನ ಬರ್ತಲೊ ಅವರ ಪ್ರೇರಣೆಯಿಂದ ರಸಾರ್ಣವ, ರಸರತ್ನಸಮುಚ್ಚಯ ಮೊದಲಾದ ಸಂಸ್ಕೃತ ಗ್ರಂಥಗಳ ಹಸ್ತಪ್ರತಿಗಳನ್ನು ಹುಡುಕಿ ಓದಿ, ಹಿಂದೂ ರಸಾಯನದ ಚರಿತ್ರೆಯನ್ನು 1902 ಮತ್ತು 1909ರಲ್ಲಿ ಎರಡು ಸಂಪುಟಗಳಾಗಿ ಇಂಗ್ಲಿಷಿನಲ್ಲಿ ಹೊರತಂದರು. ತುತ್ಥ ಯಾವುದು, ಕಾಸೀಸ ಯಾವುದು, ಯವಕ್ಷಾರ ಯಾವುದು ಎಂದು ಹಳೆಯ ಹೆಸರಿಗೆ ಹೊಸ ಹೆಸರನ್ನು ಹೊಂದಿಸುವ ಕೆಲಸವು ಪ್ರಯೋಗಶಾಲೆಯಲ್ಲಿ ಕುಳಿತ ರಸಾಯನಜ್ಞನಿಗೆ ಮಾತ್ರ ಸಾಧ್ಯವಾದದ್ದು. ಹಳೆಯದನ್ನು ಹೊಗಳುವ ಚಪಲಕ್ಕೆ ಅವರು ಬಲಿಯಾಗಲಿಲ್ಲ. ಕೈಯಿಂದ ಮಾಡುವ ಕೆಲಸವನ್ನು ಕೀಳೆಂದು ಎಣಿಸಿ ಕೆಳಜಾತಿಗಳಿಗೆ ಬಿಟ್ಟದ್ದರಿಂದಲೇ ನಮ್ಮ ವಿಜ್ಞಾನ ಬತ್ತಿತು ಎಂಬ ಕಟು ಸತ್ಯವನ್ನೂ ಅದರಲ್ಲಿ ಬರೆದರು. ನೂರು ವರ್ಷ ಕಳೆದರೂ ಆ ಅಧ್ಯಾಯದ ಕಾವು ಆರಿಲ್ಲವೆಂದೇ ಈ ಲೇಖಕನ ಅನಿಸಿಕೆ.

ಆಚಾರ್ಯರ ಅತಿ ದೊಡ್ಡ ಸಂಪತ್ತು ಶಿಷ್ಯಸಂಪತ್ತು. ಅವರಲ್ಲಿ ಇಬ್ಬರು ನಮಗೆ ಹತ್ತಿರದವರು. ಬಿಮನ್ ಬಿಹಾರಿ ಡೇ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ರಸಾಯನ ಪ್ರಾಧ್ಯಾಪಕರಾಗಿ ನೆಲಸಿ ಇಲ್ಲಿ ಸಂಶೋಧನೆಯನ್ನು ಬೆಳೆಸಿದರು. ಜ್ಞಾನಚಂದ್ರ ಘೋಷರು 1939ರಿಂದ 1948ರ ವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿದ್ದರು. ಈ ಘೋಷರು 1918ರಲ್ಲಿ, ಇನ್ನೂ ಇಪ್ಪತ್ತನಾಲ್ಕರ ಹರೆಯದಲ್ಲಿ, ಅಡುಗೆ ಉಪ್ಪಿನಂಥ ಲವಣಗಳು ನೀರಿನಲ್ಲಿ ಪೂರ್ತಿಯಾಗಿ ಅಯಾನುಗಳಾಗಿಯೇ ಇರುತ್ತವೆಂದು ವಾದಿಸಿ, ಅವುಗಳ ವರ್ತನೆಗೆ ಒಂದು ಗಣಿತವನ್ನು ಕೊಟ್ಟರು. 1923ರಲ್ಲಿ ಡಿಬೈ, ಹ್ಯುಕೆಲ್ ಎಂಬವರ ಸಿದ್ಧಾಂತ ಬಂದು ಅದನ್ನು ಹಿಂದಿಕ್ಕಿತಾದರೂ ಘೋಷರ ಮಾತಿನ ತಿರುಳು ಉಳಿಯಿತು. ಗುರು ಹೆಸರಿಟ್ಟು ಸೂತ್ರ ಬರೆದ ಲವಣಗಳೊಳಗಿನ ಅಯಾನುಗಳನ್ನು ಶಿಷ್ಯ ಲೆಕ್ಕಕ್ಕೆ ತಂದಂತಾಯಿತು.

ಇಷ್ಟೆಲ್ಲ ಇಂಗ್ಲಿಷಿನಲ್ಲಿ ಬರೆದವರಾದರೂ ತಾಯ್ನುಡಿಯಲ್ಲಿ ವಿಜ್ಞಾನ ಕಲಿಸಬೇಕೆಂಬ ಮಾತನ್ನು ರೇ ಅವರು ಕೊನೆಯ ವರೆಗೆ ಬಿಡಲಿಲ್ಲ. ಬಂಗಾಳಿಯಲ್ಲಿ ಮಕ್ಕಳಿಗಾಗಿ ಪ್ರಾಣಿಶಾಸ್ತ್ರವನ್ನು ಬರೆದರು. ಅದೇ ಕಾಳಜಿಯಿಂದ ನಮ್ಮಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ಬೆಂಗಳೂರಿನಿಂದ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ನಡೆದದ್ದು ಎರಡೇ ವರ್ಷ. ಕನ್ನಡದಲ್ಲಿ ಆಮ್ಲಜನಕ, ಸಾರಜನಕ, ಇಂಗಾಲ ಎಂಬ ಸ್ವಂತ ಹೆಸರುಗಳು ನೆಲೆನಿಂತವು. ಸಲ್ಫೇಟ್, ನೈಟ್ರೈಟ್ ಮಾತ್ರ ಹಾಗೆಯೇ ಉಳಿದವು. ಹಾಗೆ ಉಳಿದದ್ದೇ ಸರಿ ಎಂದು ತೋರುತ್ತದೆ. ಧಾತುವಿನ ಹೆಸರು ಒಂದೊಂದೇ. ಲವಣದ ಹೆಸರಾದರೋ ಸರಪಳಿಯಂತೆ, ಒಂದು ಕೊಂಡಿಯನ್ನು ಬದಲಿಸಿದರೆ ಉಳಿದ ಕೊಂಡಿಗಳನ್ನೂ ಹೊಸದಾಗಿ ಎರಕ ಹೊಯ್ಯಬೇಕು.

1916ರಲ್ಲಿ ಪ್ರೆಸಿಡೆನ್ಸಿ ಕಾಲೇಜನ್ನು ಬಿಟ್ಟು ಕಲ್ಕತ್ತಾ ವಿಶ್ವವಿದ್ಯಾಲಯದ ವಿಜ್ಞಾನ ಕಾಲೇಜಿನಲ್ಲಿ ಪಾಲಿತ್ ಪ್ರಾಧ್ಯಾಪಕರಾದರು. ಅವಿವಾಹಿತರಾದ ಅವರಿಗೆ ಕಾಲೇಜಿನ ಒಂದು ಕೋಣೆಯೇ ಮನೆ. ಗಾಂಧೀಜಿಯವರು 1902ರಲ್ಲಿ ಕಲ್ಕತ್ತೆಯಲ್ಲಿ ಗೋಖಲೆಯವರ ಅತಿಥಿಯಾಗಿದ್ದಾಗ, ಎಂಟುನೂರು ಸಂಬಳದಲ್ಲಿ ನಲವತ್ತನ್ನು ಮಾತ್ರ ತನಗಿಟ್ಟುಕೊಳ್ಳುವವರು ಎಂದು ರೇ ಅವರ ಪರಿಚಯವಾಗಿತ್ತು. ಅರವತ್ತು ತುಂಬಿದ 1921ರಿಂದ ನಿವೃತ್ತಿಯಾದ 1936ರ ವರೆಗೆ ತಮ್ಮ ಸಂಬಳವನ್ನು ರಸಾಯನ ವಿಭಾಗಕ್ಕೇ ಬಿಟ್ಟುಕೊಟ್ಟರು. ಪ್ರಾಚೀನ ರಸಸಿದ್ಧ ನಾಗಾರ್ಜುನನ ಹೆಸರಿನಲ್ಲಿ ಹತ್ತು ಸಾವಿರ ರೂಪಾಯಿಯ ದತ್ತಿಯಿಟ್ಟರು. 1922ರಲ್ಲಿ ಉತ್ತರ ಬಂಗಾಳವು ಪ್ರವಾಹದಲ್ಲಿ ಮುಳುಗಿದಾಗ ಪ್ರಯೋಗಶಾಲೆಯ ಬಾಗಿಲು ಹಾಕಿ ಪರಿಹಾರ ಕಾರ್ಯಕ್ಕೆ ನಿಂತರು. ವಿಜ್ಞಾನ ಕಾಲೇಜೇ ಉಗ್ರಾಣವಾಯಿತು. 1924ರಲ್ಲಿ ಸ್ಥಾಪಿತವಾದ ಇಂಡಿಯನ್ ಕೆಮಿಕಲ್ ಸೊಸೈಟಿಗೆ ಅವರೇ ಮೊದಲ ಅಧ್ಯಕ್ಷರು.

1944ರ ಜೂನ್ 16ರಂದು, ಎಂಬತ್ತೆರಡು ವರ್ಷ ವಯಸ್ಸಾಗಿದ್ದಾಗ, ಕಾಲೇಜಿನ ಅದೇ ಕೋಣೆಯಲ್ಲಿ ಆಚಾರ್ಯರು ದೇಹ ಬಿಟ್ಟರು. ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯು ರಸಾಯನದ ಹೆಗ್ಗುರುತಿನ ತನ್ನ ಫಲಕವನ್ನು ಯೂರೋಪಿನ ಹೊರಗೆ ಮೊದಲ ಬಾರಿಗೆ ಇಟ್ಟದ್ದು 2011ರಲ್ಲಿ, ಅವರ ನೂರೈವತ್ತನೆಯ ಜಯಂತಿಯ ವರ್ಷ, ಅವರ ಹೆಸರಿನಲ್ಲಿ.